ಶುದ್ಧ ಬಟ್ಟೆ ಯಾವುದು? ಕೋಲಾರ ಸೀಮೆಯಿಂದ ಒಂದು ನೋಟ

ಓದುಗರೇ, ಮೈಕು ಹಿಡಿದು ಕೋಲಾರದ ಬಸ್ ನಿಲ್ದಾಣದಲ್ಲೋ ಮುಳಬಾಗಿಲಿನ ಸಂತೆಯಲ್ಲೋ ನಿಂತು, 'ರಾಸಾಯನಿಕ ಗೊಬ್ಬರ, ಕೀಟನಾಶಕ ಸೋಂಕದ ಸಾವಯವ ಬಟ್ಟೆ ಸಿಕ್ಕರೆ ಕೊಳ್ಳುತ್ತೀರಾ?' ಎಂದು ಕೇಳಿ ನೋಡಿ. ಬಹುಪಾಲು ಮಂದಿ ಕೊಳ್ಳುತ್ತೇವೆ ಎಂದೇ ಹೇಳುತ್ತಾರೆ. ಇದು ಸುಳ್ಳಲ್ಲ. ಆದರೆ ಕ್ಯಾಮೆರಾದ ಎದುರು ಮನುಷ್ಯ ತನ್ನ ಒಳ್ಳೆಯ ಮುಖವನ್ನೇ ತೋರಿಸುತ್ತಾನೆಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ. ಅದೇ ಮನುಷ್ಯ ಹತ್ತು ನಿಮಿಷದ ಬಳಿಕ ಎದುರಿನ ಅಂಗಡಿಯಲ್ಲಿ ಪಾಲಿಯೆಸ್ಟರ್ ಷರ್ಟಿನ ಬೆಲೆ ಚೌಕಾಸಿ ಮಾಡುತ್ತಿರುತ್ತಾನೆ.

ಬಯಕೆಗೂ ಖರೀದಿಗೂ ನಡುವಿನ ಈ ಅಂತರವನ್ನು ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಅಭ್ಯಾಸ ಮಾಡಿದ್ದಾರೆ. ಐಸೆಕ್ ಐಜೆನ್ ಎಂಬ ವಿದ್ವಾಂಸರು 1991ರಲ್ಲಿ ವಿವರವಾಗಿ ಮಂಡಿಸಿದ ಸಿದ್ಧಾಂತವೊಂದು ಇಂಥ ಸಮೀಕ್ಷೆಗಳಿಗೆಲ್ಲ ಇಂದಿಗೂ ಆಧಾರ. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೊಳ್ಳುವ ಉದ್ದೇಶ ಮೂರು ಕಡೆಯಿಂದ ಹುಟ್ಟುತ್ತದೆ: ನನಗದು ಇಷ್ಟವೇ, ನಾಲ್ಕು ಜನ ಏನಂದಾರು, ನನ್ನ ಕೈಲಾಗುತ್ತದೆಯೇ. ಹೊಸ ವಿಷಯವೇನಲ್ಲ ಎನ್ನುವಿರಾ? ನಿಜ. ಈ ಮೂರು ಪ್ರಶ್ನೆಗಳೂ ಕೋಲಾರ ಸೀಮೆಯ ಬಟ್ಟೆಯ ಚರಿತ್ರೆಯಲ್ಲಿ ಒಂದಾದ ಮೇಲೊಂದು ಎದ್ದಿವೆ. 'ಶುದ್ಧ ಬಟ್ಟೆ' ಬೇಕೆಂಬ ಹಂಬಲ ನಿನ್ನೆ ಮೊನ್ನೆಯದಲ್ಲ.

ಮೊದಲು ಮಡಿಯ ವಿಷಯವನ್ನೇ ನೋಡೋಣ. ಆಚಾರವಂತರ ಮನೆಗಳಲ್ಲಿ ಹತ್ತಿಯ ಬಟ್ಟೆ ಮಡಿಯಾಗಬೇಕಾದರೆ ಒಗೆದು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿಸಬೇಕು. ರೇಷ್ಮೆಗೆ ಅಷ್ಟು ಕಟ್ಟುನಿಟ್ಟಿಲ್ಲ. ಪಟ್ಟೆಮಡಿಯನ್ನು ದಿನವೂ ಒಗೆಯಬೇಕಿಲ್ಲ. ಉಣ್ಣೆಯ ಧಾಬಳಿಗೂ ಅದೇ ರಿಯಾಯಿತಿ. ಬಿಸಿನೀರಿನಲ್ಲಿ ಹುಳುವನ್ನು ಬೇಯಿಸಿ ಎಳೆದ ನೂಲು ಪರಮ ಪವಿತ್ರ, ಗಿಡದ ಮೇಲೆ ತಾನಾಗಿ ಅರಳಿದ ಹತ್ತಿ ಅನುಮಾನಾಸ್ಪದ! ಇದರಲ್ಲಿ ತರ್ಕ ಹುಡುಕಿ ಫಲವಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಬಟ್ಟೆಗೆ ಅಂದ, ಬಾಳಿಕೆಗಳ ಜೊತೆಗೆ 'ಶುದ್ಧಿ' ಎಂಬ ಮೂರನೆಯ ಗುಣವೊಂದಿದೆ, ಅದಕ್ಕಾಗಿ ಹೆಚ್ಚು ದುಡ್ಡು ತೆರಬಹುದು ಎಂಬ ಮನೋಭಾವ ನಮ್ಮಲ್ಲಿ ಬಹಳ ಹಳೆಯದು.

ಇನ್ನು ಕಂಬಳಿ. ಬ್ರಿಟಿಷರ ಕಾಲದ ಸಾಮ್ರಾಜ್ಯ ಗೆಜೆಟಿಯರ್ ಕೋಲಾರ ಪಟ್ಟಣದ ಬಗ್ಗೆ ಬರೆಯುವಾಗ ಮೂರು ವಸ್ತುಗಳನ್ನು ಹೆಸರಿಸುತ್ತದೆ: ರೇಷ್ಮೆಹುಳುವಿಗಾಗಿ ಬೆಳೆಯುವ ಹಿಪ್ಪುನೇರಳೆ, ಒರಟು ಕಂಬಳಿ ಮತ್ತು ಟರ್ಕಿ ಕೋಳಿ. (ಕೊನೆಯದು ಬೆಂಗಳೂರಿನ ದೊರೆಗಳ ಊಟದ ಮೇಜಿಗೆ ಹೋಗುತ್ತಿತ್ತು.) ಕುರುಬರು ನಾಟಿ ಕುರಿಯ ಉಣ್ಣೆ ಕತ್ತರಿಸಿ, ಮನೆಯಲ್ಲೇ ನೂತು, ಹುಣಿಸೆ ಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ನೇಯುತ್ತಿದ್ದ ಕರಿ ಕಂಬಳಿಗೆ ಬಣ್ಣವೇ ಬೇಡ, ಕುರಿಯ ಬಣ್ಣವೇ ಸಾಕು. ಇಂದಿನ ಯಾವ ಸಾವಯವ ಮಾನದಂಡವನ್ನು ಮುಂದಿಟ್ಟರೂ ಅದಕ್ಕೆ ಬಹಳ ಹತ್ತಿರ ನಿಲ್ಲುವ ಬಟ್ಟೆ ಅದು. ಕೊಳ್ಳುವವನಿಗೆ ನೇಯ್ದವನ ಮನೆ ಗೊತ್ತು, ಕುರಿ ಮೇಯುವ ಗೋಮಾಳವೂ ಗೊತ್ತು. ಪ್ರಮಾಣಪತ್ರದ ಮಾತೇ ಇರಲಿಲ್ಲ. ಮದುವೆಯ ಗದ್ದಿಗೆಗೂ ಮಳೆಗಾಲದ ಕೊಪ್ಪೆಗೂ ಅದೇ ಕಂಬಳಿ. ಈಗ ಆ ಕಂಬಳಿ ಚುಚ್ಚುತ್ತದೆ ಎನ್ನುತ್ತೇವೆ, ಮಿಲ್ಲಿನ ರಗ್ಗು ಹೊದೆಯುತ್ತೇವೆ. ಸಾವಯವ ಬೇಕೆನ್ನುವವರು ಈ ಕಂಬಳಿಯನ್ನು ಯಾಕೆ ಹುಡುಕಿಕೊಂಡು ಹೋಗುವುದಿಲ್ಲವೆಂಬುದು ಯೋಚಿಸಬೇಕಾದ ವಿಷಯ. ನಮಗೆ ಬೇಕಾದದ್ದು ಶುದ್ಧಿ ಮಾತ್ರವಲ್ಲ, ಮೆತ್ತಗಿರುವ ಶುದ್ಧಿ.

ಬಣ್ಣದ ಕಥೆ ಬೇರೆ. ಟಿಪ್ಪುವಿನ ಪತನದ ನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಕೋಲಾರದ ಮೇಲೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಬೆಂಗಳೂರಿನ ನೇಕಾರರು ಅರಗು, ನೀಲಿ, ಮದ್ದಿ ಬೇರುಗಳಿಂದ ಬಣ್ಣ ಕಟ್ಟುತ್ತಿದ್ದ ಬಗೆ ವಿವರವಾಗಿದೆ. ಆ ವಿದ್ಯೆಗೆ ಪೆಟ್ಟು ಬಿದ್ದದ್ದು ಯೂರೋಪಿನ ಪ್ರಯೋಗಶಾಲೆಗಳಿಂದ. 1856ರಲ್ಲಿ ಪರ್ಕಿನ್ ಮೊದಲ ಕೃತಕ ಬಣ್ಣ ತಯಾರಿಸಿದ. 1868ರಲ್ಲಿ ಜರ್ಮನರು ಕೆಂಪು ಬೇರಿನ ಬಣ್ಣವಾದ ಅಲಿಜರಿನ್ ತಯಾರಿಸಿದರು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಇಳಿಯಿತು. ಸೊಪ್ಪು ಕೊಳೆಸುವ, ಬೇರು ಕುಟ್ಟುವ ಕೆಲಸವೆಲ್ಲ ಒಂದು ಡಬ್ಬಿಯ ಪುಡಿಯೊಳಗೆ ಮುಗಿಯಿತು.

ವಿಜ್ಞಾನ ಓದಿದವನಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಗಿಡದ ನೀಲಿಯ ಅಣುವೂ ಕಾರ್ಖಾನೆಯ ನೀಲಿಯ ಅಣುವೂ ಒಂದೇ. ವ್ಯತ್ಯಾಸವಿರುವುದು ಅದರ ಜೊತೆಗೆ ಏನೇನು ಬರುತ್ತದೆ, ಯಾವುದರಿಂದ ತಯಾರಾಯಿತು, ಉಳಿದ ನೀರು ಎಲ್ಲಿಗೆ ಹೋಯಿತು ಎಂಬುದರಲ್ಲಿ. 'ನೈಸರ್ಗಿಕ ಬಣ್ಣ' ಎಂದೊಡನೆ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಬಣ್ಣ ಕಚ್ಚಿಕೊಳ್ಳಲೆಂದು ಬಳಸುವ ಕ್ರೋಮಿಯಂ ಲವಣ ಅಡಿಕೆಯ ಚೊಗರಿಗಿಂತ ಬಹಳ ಅಪಾಯಕಾರಿ. ಮತ್ತೊಂದು ಕಡೆ, ಕೃತಕ ಬಣ್ಣಗಳ ಬಗ್ಗೆ ಜನಕ್ಕಿದ್ದ ಅನುಮಾನ ಬರಿಯ ಭ್ರಮೆಯಾಗಿರಲಿಲ್ಲ. ಅಜೋ ಬಣ್ಣಗಳ ಪೈಕಿ ಕೆಲವು ಒಡೆದು ಕ್ಯಾನ್ಸರ್‌ಕಾರಕ ಅಮೀನುಗಳಾಗುತ್ತವೆ ಎಂಬ ಕಾರಣಕ್ಕೆ 1994ರಲ್ಲಿ ಜರ್ಮನಿ ಅವುಗಳ ಮೇಲೆ ನಿರ್ಬಂಧ ಹೇರಿತು. ಭಾರತ ಸರ್ಕಾರ 1993ರಲ್ಲಿ 42 ಬೆಂಜಿಡೀನ್ ಮೂಲದ ಬಣ್ಣಗಳನ್ನೂ 1997ರಲ್ಲಿ 70 ಅಜೋ ಬಣ್ಣಗಳನ್ನೂ ನಿಷೇಧಿಸಿತು. ನಮ್ಮ ಬಟ್ಟೆ ಕೊಳ್ಳುವ ಪರದೇಶದ ಗಿರಾಕಿ ಕೇಳಿದ ಮೇಲಷ್ಟೇ ನಮ್ಮ ಮೈಗೆ ತಾಗುವ ಬಣ್ಣದ ಯೋಚನೆ ಇಲ್ಲಿ ರಭಸ ಪಡೆಯಿತೆಂಬುದು ಕೊಂಚ ನಾಚಿಕೆಯ ಸಂಗತಿಯೇ.

ಬಟ್ಟೆ ಕೊಳ್ಳುವುದನ್ನೇ ಆತ್ಮಸಾಕ್ಷಿಯ ಪ್ರಶ್ನೆಯಾಗಿಸಿದ ಅತಿ ದೊಡ್ಡ ಪ್ರಯೋಗ ಖಾದಿ. 1925ರಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಯಾವ ಅಂಗಡಿಯ ಖಾದಿ ಅಪ್ಪಟ, ಯಾವುದು ಮಿಲ್ಲಿನ ನೂಲಿನ ಕಳ್ಳ ಖಾದಿ ಎಂದು ತಿಳಿಸಲು ಸಂಘವು ಪ್ರಮಾಣಪತ್ರ ಕೊಡತೊಡಗಿತು. ಇಂದಿನ ಸಾವಯವ ಮುದ್ರೆಗಳ ಅಜ್ಜ ಅದು. 1927ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಆಗಿನ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದರು. ಚೇತರಿಸಿಕೊಂಡು ಬೆಂಗಳೂರಿಗೆ ಇಳಿದ ಮೇಲೆ ಜುಲೈ ತಿಂಗಳಲ್ಲಿ ಅಲ್ಲಿ ಖಾದಿ ವಸ್ತುಪ್ರದರ್ಶನ ಉದ್ಘಾಟಿಸಿದರು. ನಂಜನಗೂಡಿನ ಬಳಿಯ ಬದನವಾಳು ಖಾದಿ ಕೇಂದ್ರ ಬೆಳೆದದ್ದೂ ಆ ಕಾಲದಲ್ಲೇ.

ಖಾದಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1935. ಆ ವರ್ಷ ಗಾಂಧೀಜಿ ಒಂದು ಕಠಿಣ ಪ್ರಶ್ನೆ ಎತ್ತಿದರು. ಖಾದಿ ಅಗ್ಗವಾಗಲೆಂದು ನೂಲುವ ಹೆಂಗಸಿಗೆ ಪುಡಿಗಾಸು ಕೊಡುತ್ತಿದ್ದೇವಲ್ಲ, ಅದು ಯಾವ ನ್ಯಾಯ? ದಿನವೆಲ್ಲ ನೂತವಳಿಗೆ ಬದುಕಲು ಸಾಲುವಷ್ಟು ಕೂಲಿ ಸಿಗಬೇಕೆಂದು ಅವರು ಹಟ ಹಿಡಿದರು, ಸಂಘ ಕೂಲಿ ಏರಿಸಿತು, ಖಾದಿಯ ಬೆಲೆಯೂ ಏರಿತು. ಮಾರಾಟ ಕುಸಿದೀತೆಂದು ಕಾರ್ಯಕರ್ತರು ಹೆದರಿದರು. ಗಾಂಧೀಜಿಯ ನಿಲುವು ಸ್ಪಷ್ಟವಾಗಿತ್ತು: ಬೆಲೆ ನೋಡಿ ಕೊಳ್ಳುವವನಿಗಾಗಿ ನೂಲುವವಳ ಹೊಟ್ಟೆ ಕತ್ತರಿಸುವಂತಿಲ್ಲ. 'ನ್ಯಾಯದ ಬೆಲೆ' ಎಂದು ಈಗ ಪರದೇಶಗಳಲ್ಲಿ ಕರೆಯುವ ವ್ಯಾಪಾರದ ವಾದವೆಲ್ಲ ಅಲ್ಲಿ ಅಡಕವಾಗಿದೆ. ಅದರ ಕಷ್ಟವೂ ಅಲ್ಲೇ ಇದೆ.

ಸ್ವಾತಂತ್ರ್ಯದ ನಂತರ ಸರ್ಕಾರ ಆ ಕಷ್ಟಕ್ಕೆ ರಿಬೇಟಿನ ಮದ್ದು ಹಚ್ಚಿತು. ಗಾಂಧಿ ಜಯಂತಿ ಬಂತೆಂದರೆ ಖಾದಿ ಭಂಡಾರದ ಮುಂದೆ ಸಾಲು. ರಿಬೇಟು ಮುಗಿದ ಮರುದಿನ ಭಂಡಾರ ಭಣಭಣ. ಕೊಳ್ಳುವವರ ನಿಜವಾದ ಮನೋಭಾವ ಅಳೆಯಲು ಇದಕ್ಕಿಂತ ಒಳ್ಳೆಯ ಸಮೀಕ್ಷೆ ಬೇಕೆ? 1960, 70ರ ದಶಕಗಳಲ್ಲಿ ಟೆರಿಲಿನ್, ಟೆರಿಕಾಟ್ ಬಂದವು. ಒಗೆದು ಕೊಡವಿದರೆ ಅರ್ಧ ಗಂಟೆಯಲ್ಲಿ ಒಣಗುವ, ಇಸ್ತ್ರಿ ಬೇಡದ, ವರ್ಷಗಟ್ಟಲೆ ಹರಿಯದ ಬಟ್ಟೆ. ಮದುವೆಯಲ್ಲಿ ಅಳಿಯನಿಗೆ ಟೆರಿಲಿನ್ ಷರ್ಟು ಕೊಡುವುದೇ ಪ್ರತಿಷ್ಠೆಯಾಯಿತು. ಇದನ್ನು ಜನರ ಮೌಢ್ಯ ಎಂದು ನಾನು ಹೇಳಲಾರೆ. ಎರಡೇ ಜೊತೆ ಬಟ್ಟೆಯಿದ್ದು, ಒಗೆಯುವ ನೀರಿಗೂ ಮೈಲಿ ನಡೆಯಬೇಕಾದ ಬರಗಾಲದ ಸೀಮೆಯ ಹೆಂಗಸು ಬೇಗ ಒಣಗುವ ಬಟ್ಟೆ ಆರಿಸಿಕೊಂಡರೆ ಅದು ಬುದ್ಧಿವಂತಿಕೆಯೇ.

ಈಗ ಮುದ್ರೆಗಳ ಕಾಲ. ಮುದ್ರೆ ಕಂಡೊಡನೆ ಸಮಾಧಾನಪಡುವ ಓದುಗರು ಒಂದು ಗಳಿಗೆ ತಾಳಬೇಕು, ಏಕೆಂದರೆ ಒಂದೊಂದು ಮುದ್ರೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಕಾನೂನಿನ ಪ್ರಕಾರ ಖಾದಿಯೆಂದರೆ ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದ ಬಟ್ಟೆ. ಆ ಹತ್ತಿಗೆ ಎಷ್ಟು ಸಲ ಔಷಧಿ ಹೊಡೆದರೆಂಬುದು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ 'ಇದು ಅಪ್ಪಟ ರೇಷ್ಮೆ' ಎನ್ನುತ್ತದೆ. ತೋಟದ ಗೊಬ್ಬರದ ಬಗ್ಗೆಯಾಗಲಿ ಬಣ್ಣದ ಬಗ್ಗೆಯಾಗಲಿ ಅದು ಮೌನ. 2006ರ ಕೈಮಗ್ಗ ಮುದ್ರೆ ಮಗ್ಗದ ಮಾತು ಮಾತ್ರ ಆಡುತ್ತದೆ. ಹೊಲದಿಂದ ಹಿಡಿದು ಹೊಲಿಗೆಯವರೆಗೆ ಎಲ್ಲವನ್ನೂ ಕೇಳುವುದು ಗಾಟ್ಸ್ ಎಂದು ಕರೆಯಲಾಗುವ ಜಾಗತಿಕ ಸಾವಯವ ಜವಳಿ ಮಾನದಂಡ. ಬಟ್ಟೆಗೆ 'ಸಾವಯವ' ಎಂಬ ಹೆಸರು ಹಚ್ಚಬೇಕಾದರೆ ಅದರ ಪ್ರಕಾರ ಶೇಕಡ 95ರಷ್ಟು ನಾರು ಸಾವಯವವಾಗಿರಬೇಕು. ಶೇಕಡ 70 ಇದ್ದರೆ 'ಸಾವಯವ ನಾರಿನಿಂದ ಮಾಡಿದ್ದು' ಎನ್ನಬಹುದು.

ಅದರಲ್ಲೂ ಮೋಸ ನಡೆದಿದೆ. 2020ರಲ್ಲಿ ಭಾರತದ ಸುಮಾರು 20,000 ಟನ್ 'ಸಾವಯವ' ಹತ್ತಿಯ ಹಿಂದೆ ಖೋಟಾ ದಾಖಲೆಗಳಿರುವುದನ್ನು ಆ ಸಂಸ್ಥೆಯೇ ಪತ್ತೆಹಚ್ಚಿ ಹಲವು ಕಂಪನಿಗಳನ್ನು ಹೊರಗಿಟ್ಟಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ದೇಶದ ಹತ್ತಿ ಹೊಲಗಳ ಬಹುಪಾಲು ಅದರ ವಶವಾಯಿತು. ಅದರ ಸೋಂಕಿಲ್ಲದ ಬೀಜ ಹುಡುಕುವುದೇ ಸಾವಯವ ರೈತನಿಗೆ ಕಷ್ಟವಾಗಿರುವಾಗ, ಅಂಗಡಿಗಳಲ್ಲಿ ಕಾಣುವ ಸಾವಯವ ಹತ್ತಿ ಬಟ್ಟೆಯ ರಾಶಿ ನೋಡಿ ಸಂಶಯ ಪಡುವುದು ತಪ್ಪಲ್ಲ.

ಕೋಲಾರದ ಆರು ತಾಲ್ಲೂಕುಗಳಲ್ಲಿ ಹತ್ತಿ ಲೆಕ್ಕಕ್ಕಿಲ್ಲ. ಇಲ್ಲಿನ ಬಟ್ಟೆಯ ಬೆಳೆ ಎಂದರೆ ರೇಷ್ಮೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬು ನದಿಯಿಲ್ಲದ ನಾಡಿಗೆ ಆಸರೆಯಾಯಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಶಿಡ್ಲಘಟ್ಟ, ಚಿಂತಾಮಣಿಗಳು ಆ ಕಡೆ ಹೋದವು. ಆದರೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಟೊಮೆಟೊ, ಮಾವು, ನೀಲಗಿರಿಗಳ ನಡುವೆ ರೇಷ್ಮೆ ಸೊಪ್ಪಿನ ತೋಟಗಳು ಉಳಿದುಕೊಂಡಿವೆ.

ಈ ರೈತ ಒಂದು ವಿಚಿತ್ರ ಶಿಸ್ತಿನಲ್ಲಿ ಬದುಕುತ್ತಾನೆ. ಅವನ ಮನೆಯಲ್ಲಿ ಕೀಟನಾಶಕ ಪತ್ತೆಹಚ್ಚುವ ಪ್ರಯೋಗಶಾಲೆ ಇದೆ, ಅದೇ ರೇಷ್ಮೆಹುಳು. ಸೊಪ್ಪಿನ ಮೇಲೆ ಔಷಧಿಯ ಅಂಶ ಉಳಿದಿದ್ದರೆ ಹುಳು ವಾಂತಿ ಮಾಡಿಕೊಂಡು ಒದ್ದಾಡಿ ಸಾಯುತ್ತದೆ. ತುಕ್ರಾ ರೋಗ ತರುವ ಹಿಟ್ಟು ತಿಗಣೆಗೆ ಗುಲಗಂಜಿ ಹುಳು ಬಿಡುವುದೂ, 1980ರಲ್ಲಿ ಬಂಗಾಳದ ಕಡೆಯಿಂದ ರಾಜ್ಯಕ್ಕೆ ನುಸುಳಿದ ಊಜಿ ನೊಣಕ್ಕೆ ಪರತಂತ್ರ ಕೀಟ ಬಿಡುವುದೂ ಈ ಅನಿವಾರ್ಯದಿಂದಲೇ ರೂಢಿಗೆ ಬಂದ ಉಪಾಯಗಳು. ತನ್ನ ತೋಟವನ್ನು ಎಷ್ಟೇ ಜೋಪಾನ ಮಾಡಲಿ, ಪಕ್ಕದ ಟೊಮೆಟೊ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದರೆ ಹಣ್ಣಾಗಲಿದ್ದ ಹುಳು ಚಂದ್ರಿಕೆ ಹತ್ತುವ ಮೊದಲೇ ಹೋಗುತ್ತದೆ. ಇಪ್ಪತ್ತೈದು ದಿನ ಹಗಲೂ ರಾತ್ರಿ ಸೊಪ್ಪು ಹಾಕಿದ ಮನೆಮಂದಿಯ ದುಡಿಮೆ ತಿಪ್ಪೆಗೆ.

ಹಾಗಾದರೆ ಈ ರೇಷ್ಮೆ ಸಾವಯವವೇ? ಪೂರ್ತಿ ಅಲ್ಲ. ನೀರಾವರಿಯ ವಿ-1 ತಳಿಗೆ ಹೆಕ್ಟೇರಿಗೆ ವರ್ಷಕ್ಕೆ 350 ಕಿಲೋ ಸಾರಜನಕ, 140 ಕಿಲೋ ರಂಜಕ, 140 ಕಿಲೋ ಪೊಟ್ಯಾಷ್ ಎಂಬುದು ಶಿಫಾರಸು. ಆ ಚೀಲಗಳ ಜಾಗಕ್ಕೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಬರಬೇಕು. ದನ ಕಡಿಮೆಯಾಗಿರುವ ಹಳ್ಳಿಯಲ್ಲಿ ಅಷ್ಟು ಗೊಬ್ಬರ ಸುಲಭವಲ್ಲ. ಬಹುವಾರ್ಷಿಕ ಬೆಳೆಯಾದ್ದರಿಂದ ಸಾವಯವ ಪ್ರಮಾಣಪತ್ರಕ್ಕೆ ಮೂರು ವರ್ಷ ಕಾಯಬೇಕು. ಅಲ್ಲಿಯವರೆಗೆ ಖರ್ಚು ಸಾವಯವದ್ದು, ಬೆಲೆ ಮಾಮೂಲಿನದು.

ಕಾದು ಪಡೆದ ಮೇಲೂ ಅದರ ಬೆಲೆ ರೈತನಿಗೆ ದಕ್ಕುವ ದಾರಿ ಎಲ್ಲಿ? ರೈತ ಗೂಡು ತರುವುದು ಸರ್ಕಾರಿ ಮಾರುಕಟ್ಟೆಗೆ. 1959ರ ಕಾಯ್ದೆ, ಅದರ ಮುಂದಿನ ತಿದ್ದುಪಡಿಗಳಿಂದ ಬೆಳೆದ ಈ ಹರಾಜು ಪದ್ಧತಿ ರೈತನನ್ನು ದಲ್ಲಾಳಿಯ ಕೈಯಿಂದ ಬಿಡಿಸಿತು. ಬಹಳ ದೊಡ್ಡ ಉಪಕಾರ ಅದು. ಆದರೆ ಅಲ್ಲಿ ರೀಲರು ಗೂಡನ್ನು ಒತ್ತಿ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ತೋಟಕ್ಕೆ ಯಾವ ಗೊಬ್ಬರ ಹಾಕಿದ್ದೆಯೆಂದು ಕೇಳುವುದಿಲ್ಲ. ಹತ್ತು ರೈತರ ಗೂಡು ಒಂದೇ ಬಾಣಲೆಯಲ್ಲಿ ಬೆಂದು, ಏಳೆಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲಾಗಿ, ಕಂಚಿಗೋ ಧರ್ಮಾವರಕ್ಕೋ ಹೋಗಿ, ಸೀರೆಯಾಗಿ ಮರಳಿ ಮುಳಬಾಗಿಲಿನ ಮದುವೆ ಮನೆಗೆ ಬರುತ್ತದೆ. ಸೀರೆ ಉಡುವ ಮದುಮಗಳಿಗೆ ಅದು ತನ್ನ ಊರಿನ ಹುಳುವಿನದೇ, ಚೀನಾದ ನೂಲಿನದೇ ಗೊತ್ತಾಗುವ ಬಗೆಯಿಲ್ಲ. 2011ರ ಬಜೆಟ್ಟಿನಲ್ಲಿ ಆಮದು ರೇಷ್ಮೆಯ ಸುಂಕ ಶೇಕಡ 30ರಿಂದ 5ಕ್ಕೆ ಇಳಿದಾಗ ಗೂಡಿನ ಬೆಲೆ ಬಿದ್ದು, ರೈತರು ಬೀದಿಗಿಳಿದರು, ಕೆಲವರು ಹಿಪ್ಪುನೇರಳೆಯನ್ನೇ ಕಿತ್ತರು. ಸೀರೆ ಅಂಗಡಿಯ ಗಿರಾಕಿಗೆ ಅದರ ಸುಳಿವೂ ಹತ್ತಲಿಲ್ಲ.

ಕೊಳ್ಳುವವರೂ ಮಾಡುವವರೂ ಹತ್ತಿರ ಬಂದ ಉದಾಹರಣೆ ನಮ್ಮಲ್ಲಿ ಇಲ್ಲವೆಂದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಮಹಿಳೆಯರ 'ಚರಕ' ಸಹಕಾರ ಸಂಘ ಅಡಿಕೆ ಚೊಗರು ಮೊದಲಾದ ಬಣ್ಣಗಳಲ್ಲಿ ಕೈಮಗ್ಗದ ಬಟ್ಟೆ ತಯಾರಿಸಿ, 'ದೇಸಿ' ಮಳಿಗೆಗಳಲ್ಲಿ ಮಾರಿ ಹೆಸರು ಮಾಡಿತು. ಆ ಜುಬ್ಬಾ ತೊಟ್ಟ ಗಿರಾಕಿಗೆ ನೇಯ್ದ ಊರು ಗೊತ್ತು. 2017ರಲ್ಲಿ ಕೈ ಉತ್ಪನ್ನಗಳ ಮೇಲೆ ಜಿಎಸ್‌ಟಿ ಬಿದ್ದಾಗ ಕರ ನಿರಾಕರಣೆಯ ಚಳವಳಿ ಹೊರಟಿದ್ದೂ ಆ ಬಳಗದಿಂದಲೇ. 2020ರಲ್ಲಿ ಮಾಲು ಮಾರಾಟವಾಗದೆ ಆ ಸಂಘವೂ ತೀವ್ರ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿತು. ಹೊಗಳಿದವರೆಲ್ಲ ಕೊಂಡಿದ್ದರೆ ಹಾಗಾಗುತ್ತಿರಲಿಲ್ಲ.

ಕೋಲಾರಕ್ಕೆ ಈಗ ಮತ್ತೊಂದು ಪ್ರಶ್ನೆ ಸೇರಿಕೊಂಡಿದೆ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಜಿಲ್ಲೆಗೆ ಹರಿಯಿತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ನೂರಕ್ಕೂ ಹೆಚ್ಚು ಕೆರೆ ತುಂಬಿಸಿ ಅಂತರ್ಜಲ ಏರಿಸುವ ಯೋಜನೆಯಿದು. ಸಾವಿರ ಅಡಿ ಕೊರೆದರೂ ನೀರು ಕಾಣದ ಸೀಮೆಯಲ್ಲಿ ಕೆರೆ ತುಂಬಿದ್ದನ್ನು ನೋಡಿದವರ ಸಂತೋಷವನ್ನು ಯಾರೂ ಹಗುರವಾಗಿ ಕಾಣಬಾರದು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಪಟ್ಟು ಹಿಡಿದ ರೈತ ಹೋರಾಟಗಾರರ ಮಾತೂ ಸರಿಯಾದದ್ದೇ. ನಗರದವರು ಸ್ನಾನ ಮಾಡಿದ, ಬಟ್ಟೆ ಒಗೆದ ನೀರು ಆ ಕೆರೆಯ ತಳದಿಂದ ಇಳಿದು ಕೊಳವೆ ಬಾವಿ ಸೇರಿ, ಹನಿ ನೀರಾವರಿಯ ಪೈಪಿನಲ್ಲಿ ಹಿಪ್ಪುನೇರಳೆಯ ಬುಡಕ್ಕೆ ಬರುತ್ತದೆ. ಸಾವಯವದ ತಪಾಸಣೆಗೆ ಬಂದವರು ಗೊಬ್ಬರದ ಜೊತೆ ನೀರಿನ ಮೂಲವನ್ನೂ ಕೇಳುತ್ತಾರೆ.

ಮುಂದಿನ ಸಲ ಸೀರೆ ಅಂಗಡಿಯಲ್ಲಿ ಕುಳಿತಾಗ, ನೂಲು ಯಾವ ಊರಿನದು, ಬಣ್ಣ ಯಾವುದು ಎಂದು ಒಮ್ಮೆ ಕೇಳಿ ನೋಡಿ. ಅಂಗಡಿಯವರು ನಗಬಹುದು, ಅಥವಾ ಸಿಲ್ಕ್ ಮಾರ್ಕಿನ ಚೀಟಿ ತೋರಿಸಬಹುದು. ಆ ಚೀಟಿ ಯಾವ ಪ್ರಶ್ನೆಗೆ ಉತ್ತರವೆಂಬುದು ತಮಗೀಗ ತಿಳಿದಿದೆ. ಉಳಿದ ಪ್ರಶ್ನೆಗಳನ್ನು ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರು ನೇಕಾರನನ್ನು ಕೇಳಬೇಕು, ನೇಕಾರ ನೂಲಿನವನನ್ನು, ನೂಲಿನವನು ರೀಲರನ್ನು. ರೀಲರು ಗೂಡಿನ ಮಾರುಕಟ್ಟೆಯಲ್ಲಿ ಅದನ್ನು ಕೇಳಿದ ದಿನ ಶ್ರೀನಿವಾಸಪುರದ ರೈತ ಹೇಳುವುದಕ್ಕೆ ಬೇಕಾದಷ್ಟಿದೆ.